ಆರಿಸುವ ಮುನ್ನ

ಕಾರ್ಯಾರಂಭಕ್ಕೆ ನಮ್ಮ ಜನರಲ್ಲಿರುವಷ್ಟು ಆದರವು ಕಾರ್ಯಸಮಾಪ್ತಿಗೆ ಇಲ್ಲ. ಬಿತ್ತುವದಕ್ಕೆ, ಮನೆಯ ಅಡಿಗಲ್ಲಿಡುವದಕ್ಕೆ, ಅಂಗಡಿಯನ್ನು ತೆರೆಯುವದಕ್ಕೆ, ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವದಕ್ಕೆ ಪಂಚಾಂಗವನ್ನು ತಿರುವಿ ನೋಡುತ್ತೇವೆ. ಕೆಲಸವನ್ನು ಮುಗಿಸಿ ಏಳುವದಕ್ಕೆ ಮಾತ್ರ ಯಾರೂ ಗಳಿಗೆಯನ್ನು ಕೇಳುವದಿಲ್ಲ. ನಮ್ಮ ತರ್ಕಶಾಸ್ತ್ರಜ್ಞರಾದರೋ ಈ ವಿಷಯದಲ್ಲಿ ಎಚ್ಚರವುಳ್ಳವರಾಗಿದ್ದರು. ಗ್ರಂಥಾರಂಭದಲ್ಲಿ ಮಾಡುವ ಮಂಗಲಕ್ಕೆ ಫಲವೇನು, ಅದು ಗ್ರಂಥದ ಸಮಾಪ್ತಿಯೋ ಅಥವಾ ವಿಘ್ನಗಳ ಧ್ವಂಸ ಮಾತ್ರವೋ ಎಂದು ಅವರು ಬಹಳವಾಗಿ ವಾದಿಸಿದ್ದಾರೆ. ಪಾಠಶಾಲೆಯಲ್ಲಿ ಹುಡುಗನಾಗಿದ್ದಾಗ ಆ ವಾದವು ನನಗೆ ನೀರು ಕಡೆಯುವ ಕೆಲಸವೆಂದು ತೋರುತ್ತಿತ್ತು. ಈಗ ಹಾಗೆ ತೋರುವದಿಲ್ಲ. ಆರಂಭವಾದದ್ದೆಲ್ಲವೂ ಸಮಾಪ್ತವಾಗುವದಿಲ್ಲ, ಸಮಾಪ್ತವಾಯಿತೆಂದು ತೋರಿದ್ದು ಕೂಡ ನಿಜವಾಗಿ ಸಮಾಪ್ತವಾಗಿರಲಿಕ್ಕಿಲ್ಲ, ತೋರುವದಕ್ಕೂ ಆಗುವದಕ್ಕೂ ನಡುವೆ ಇರುವ ಸಂದಿನಲ್ಲಿಯೇ ವಿಘ್ನವು ಮನೆಮಾಡಿಕೊಂಡಿರುವದು. ಈ ಮಾತನ್ನು ನನಗೆ ಚೆನ್ನಾಗಿ ಮನಗಾಣಿಸಿದ್ದು ಶಾಸ್ತ್ರಗ್ರಂಥವಲ್ಲ. ಇಂದು ಮನೆಮನೆಗೂ ಬಂದು ಕುಳಿತಿರುವ ಗಣಕಯಂತ್ರವು. ಅದನ್ನು ಆರಿಸುವ ಕ್ರಮವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶ.

ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಆಯುಷ್ಯವನ್ನು ಕಳೆದ ಮಾಸ್ತರನಿಗೆ ಈ ವಿಷಯದಲ್ಲಿ ಅಧಿಕಾರವೇನೆಂದು ಕೇಳುವವರುಂಟು. ಕೇಳಲಿ. ಬಾವಿಯ ನೀರನ್ನು ಕುಡಿಯುವವನಿಗೆ ಬಾವಿಯ ಸ್ಥಿತಿಯನ್ನು ಕುರಿತು ಮಾತಾಡುವ ಅಧಿಕಾರವು ಉಂಟಷ್ಟೆ. ನಾನಿರುವ ಸಮೀರವಾಡಿಯು ಕಬ್ಬಿನ ಸೀಮೆ. ಸೋಮೈಯಾ ಮನೆತನದವರ ಸಕ್ಕರೆಯ ಕಾರ್ಖಾನೆಯ ಸುತ್ತ ಬೆಳೆದ ಈ ನೆಲೆಯಲ್ಲಿ ಹಂಗಾಮು ಮೊದಲಾಯಿತೆಂದರೆ ಹಗಲುರಾತ್ರಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ನಿಲ್ಲುವದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕುಗಳಲ್ಲಿ ರೈತನ ಒಂದು ವರ್ಷದ ದುಡಿತವು ಕೊನೆಗೆ ತೂಕದ ಕಾಟಾದ ಮೇಲಿನ ಒಂದು ಅಂಕಿಯಾಗುವದು. ಆ ಅಂಕಿಯು ಈಗ ದಫ್ತರದ ಹಾಳೆಯ ಮೇಲೆ ಅಲ್ಲ, ಗಣಕಯಂತ್ರದೊಳಗೆ ಕೂಡುವದು. ಹೊಲದ ಹಕ್ಕಿನ ಮಾತೂ ಹಾಗೆಯೇ. ಈ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಸರಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು ೬೭ ಲಕ್ಷ ಭೂಮಾಲಿಕರ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರಹದ ಪಹಣಿಯ ಕಾಲವು ಅಲ್ಲಿಗೆ ಮುಗಿಯಿತು. ಬ್ಯಾಂಕಿನ ಠೇವು, ಮಕ್ಕಳ ಅಂಕಪಟ್ಟಿ, ಮುದುಕರ ಪಿಂಚಣಿ ಎಲ್ಲವೂ ಅದೇ ದಾರಿಯನ್ನು ಹಿಡಿದಿವೆ. ಹೀಗಿದ್ದ ಮೇಲೆ, ಆ ಯಂತ್ರವು ತನಗೆ ಒಪ್ಪಿಸಿದ್ದನ್ನು ಯಾವಾಗ ನಿಜವಾಗಿ ಬರೆದುಕೊಳ್ಳುವದೆಂಬ ಪ್ರಶ್ನೆಯು ಕೇವಲ ಯಂತ್ರಜ್ಞರದಲ್ಲ. ಅದು ಗೃಹಸ್ಥರ ಪ್ರಶ್ನೆ.

ನನಗೆ ಈ ಪ್ರಶ್ನೆ ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆನು. ನನ್ನೊಡನೆ ಬಹುಕಾಲ ಒಂದೇ ಶಾಲೆಯಲ್ಲಿ ಕೆಲಸ ಮಾಡಿದ ಹಿರಿಯ ಮಿತ್ರರೊಬ್ಬರಿದ್ದರು. ಅವರಿಗೆ ಶಬ್ದಸಂಗ್ರಹದ ಹುಚ್ಚು. ರವಿವಾರ ಬಂದಿತೆಂದರೆ ಸೈಕಲ್ಲನ್ನೇರಿ ಬನಹಟ್ಟಿಯ ನೇಕಾರರ ಓಣಿಗೋ, ಮಹಾಲಿಂಗಪುರದ ಕಡೆಯ ಬೆಲ್ಲದ ಗಾಣಗಳಿಗೋ, ಘಟಪ್ರಭೆಯ ದಂಡೆಯ ತೋಟಗಳಿಗೋ ಹೋಗುವರು. ಮಗ್ಗದ ಒಂದೊಂದು ಅಂಗಕ್ಕೆ, ನೂಲಿನ ಒಂದೊಂದು ದೋಷಕ್ಕೆ, ಪಾಕದ ಒಂದೊಂದು ಹದಕ್ಕೆ ಅಲ್ಲಿಯ ಜನರು ಹೇಳುವ ಹೆಸರನ್ನು ಕೇಳಿ ಬರೆದುಕೊಳ್ಳುವರು. ಹೀಗೆ ಹನ್ನೊಂದು ನೋಟಬುಕ್ಕುಗಳು ತುಂಬಿದ್ದವು. ಅವರು ತೀರಿಕೊಂಡ ಮೇಲೆ ಅವರ ಪತ್ನಿಯವರು, ನಾವೆಲ್ಲ ವೈನಿ ಎಂದು ಕರೆಯುವವರು, ಈ ಸಂಗ್ರಹವು ಅಚ್ಚಾಗಬೇಕೆಂದು ಹಂಬಲಿಸಿದರು. ಸಮೀಪದ ಊರಿನ ಒಂದು ಬೆರಳಚ್ಚಿನ ಅಂಗಡಿಯಲ್ಲಿ ಕೆಲಸ ಮೊದಲಾಯಿತು. ಮಿತ್ರರ ಅಕ್ಷರವು ಅವಸರದ ಅಕ್ಷರ. ಎಷ್ಟೋ ಕಡೆ ಶಬ್ದವಿತ್ತು, ಅರ್ಥವಿರಲಿಲ್ಲ. ವೈನಿಯವರು ತವರುಮನೆಯಲ್ಲಿ ಮಗ್ಗದ ಮಗ್ಗುಲಲ್ಲಿಯೇ ಬೆಳೆದವರು. ನೇಕಾರಿಕೆಯ ನೋಟಬುಕ್ಕು ಬಂದಾಗ ಅವರು ತಾವೇ ಮೂರು ಮಧ್ಯಾಹ್ನ ಬೆರಳಚ್ಚುಗಾರನ ಮಗ್ಗುಲಲ್ಲಿ ಕುಳಿತು, ಬಿಟ್ಟುಹೋದ ಅರ್ಥಗಳನ್ನೆಲ್ಲ ಬಾಯಿಂದ ಹೇಳಿ ಬರೆಯಿಸಿದರು. ಆಗ ಅವರಿಗೆ ಎಂಬತ್ತು ದಾಟಿತ್ತು.

ಮೂರನೆಯ ದಿನದ ಸಂಜೆ ಅಂಗಡಿಯ ಬಾಗಿಲು ಹಾಕುವ ಅವಸರವಿದ್ದಿರಬೇಕು. ಉಳಿಸಿದೆನೆಂಬ ಗುರುತು ಪರದೆಯ ಮೇಲೆ ಬಂದೊಡನೆ ಆ ಹುಡುಗನು ಗೋಡೆಯ ಸ್ವಿಚ್ಚನ್ನು ಆರಿಸಿ ಹೊರಟುಹೋದನು. ಮರುದಿನ ಯಂತ್ರವನ್ನು ತೆರೆದರೆ ಕಡತದ ಹೆಸರಿತ್ತು; ಅದರ ಉದ್ದವೂ ಸರಿಯಾಗಿತ್ತು; ಒಳಗೆ ಅಕ್ಷರವಿರಲಿಲ್ಲ. ಮೂರು ದಿನಗಳ ಕೆಲಸವೆಲ್ಲವೂ ಒಂದೇ ಕಡತದಲ್ಲಿದ್ದುದರಿಂದ, ಉಳಿಸುವಾಗ ಪ್ರತಿಸಲವೂ ಇಡಿಯ ಕಡತವು ಹೊಸದಾಗಿ ಬರೆಯಲ್ಪಡುತ್ತಿದ್ದುದರಿಂದ, ಹೋದದ್ದು ಕೊನೆಯ ಪುಟವಲ್ಲ, ಮೊದಲಿನಿಂದ ಕೊನೆಯ ವರೆಗೆ ಎಲ್ಲವೂ. ನೋಟಬುಕ್ಕು ನಮ್ಮ ಕೈಯಲ್ಲಿತ್ತು. ಅದನ್ನು ಮತ್ತೆ ಬೆರಳಚ್ಚು ಮಾಡಿಸಿದ್ದಾಯಿತು. ವೈನಿಯವರ ಮಾತು ಮಾತ್ರ ನೋಟಬುಕ್ಕಿನಲ್ಲಿರಲಿಲ್ಲ. ಅವರನ್ನು ಮತ್ತೆ ಕುಳ್ಳಿರಿಸಿ ಕೇಳಿದೆವು. ಅರ್ಧದಷ್ಟು ಹೇಳಿದರು. ಉಳಿದುದಕ್ಕೆ, “ಆವತ್ತ ಎಲ್ಲಾ ಹೇಳೀನಲ್ರೀ ಮಾಸ್ತರ್ರ; ಈಗ ಕೇಳಿದ್ರ ನೆನಪ ಆಗವಲ್ದು” ಎಂದರು. ಬಾಯಿಗೆ ಬಂದ ಮಾತು ಎರಡನೆಯ ಸಲ ಹಾಗೆಯೇ ಬರುವದಿಲ್ಲವೆಂಬದನ್ನು ನಾನು ತರಗತಿಯಲ್ಲಿ ಬಹಳ ಸಲ ಕಂಡವನು. ಆದರೂ ಆ ದಿನ ಅದು ನನಗೆ ಬೇರೆಯಾಗಿ ತೋರಿತು. ಇಂದು ಆ ಸಂಗ್ರಹದ ಪ್ರತಿಯಲ್ಲಿ ಶಬ್ದದ ಮುಂದೆ ಅರ್ಥವಿಲ್ಲದ ಬರಿದಾದ ಜಾಗಗಳು ಎಷ್ಟೋ ಉಳಿದಿವೆ.

ಅಂಗಡಿಯವರು, “ಉಳಿಸಿದೆನೆಂದು ಯಂತ್ರವೇ ಹೇಳಿದ ಮೇಲೆ ನಮ್ಮದೇನು ತಪ್ಪು” ಎಂದರು. ಈ ಉತ್ತರವು ನನಗೆ ಸಮಾಧಾನವನ್ನು ಕೊಡಲಿಲ್ಲ. ಆದರೆ ಪ್ರಶ್ನೆಯನ್ನು ಕೊಟ್ಟಿತು. ಬರೆದೆನೆಂದು ಹೇಳಿ ಬರೆಯದೆ ಇರುವದೆಂದರೇನು? ಗಣಕಯಂತ್ರಗಳ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹಬ್ಬಕ್ಕೆ ಊರಿಗೆ ಬಂದಾಗ ಅವನನ್ನು ಕೇಳಿದೆನು. “ಗುರುಗಳ, ಅದು ಸುಳ್ಳ ಹೇಳಿಲ್ರೀ; ಇಸಕೊಂಡೀನಿ ಅಂತ ಹೇಳೇತಿ, ಇಟ್ಟೀನಿ ಅಂತ ಹೇಳಿಲ್ಲ” ಎಂದು ಅವನು ನಕ್ಕನು. ಇಸಿದುಕೊಳ್ಳುವದು ಬೇರೆ, ಇಡುವದು ಬೇರೆ: ಇಷ್ಟು ತಿಳಿದರೆ ಈ ವಿಷಯದ ಮುಕ್ಕಾಲು ಪಾಲು ತಿಳಿದಂತೆ. ಅವನಿಂದ ಕೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ನನ್ನ ಮಾತಿನಲ್ಲಿ ಹೇಳುವೆನು.

ತಾಳೆಗರಿಯ ಬರವಣಿಗೆಯನ್ನು ಕಂಡವರಿಗೆ ಈ ಭೇದವು ಬೇಗ ಹೊಳೆಯುವದು. ಲಿಪಿಕಾರನು ಕಂಠದಿಂದ ಗರಿಯ ಮೇಲೆ ಕೊರೆಯುವಾಗ ಅಕ್ಷರವು ಕಣ್ಣಿಗೆ ಸರಿಯಾಗಿ ಕಾಣುವದೇ ಇಲ್ಲ. ಕೊರೆದಾದ ಮೇಲೆ ಮಸಿಯನ್ನು ತೀಡಿದಾಗ ಅದು ಕಾಣಿಸಿಕೊಳ್ಳುವದು. ಅಲ್ಲಿ ಮೊದಲು ಕೊರೆತ, ಆಮೇಲೆ ಕಾಣಿಕೆ. ಗಣಕಯಂತ್ರದಲ್ಲಿ ಇದು ತಿರುಗುಮುರುಗು. ಅಕ್ಷರವು ಪರದೆಯ ಮೇಲೆ ಮೊದಲು ಬೆಳಗುವದು. ಅದು ಎಲ್ಲಿಯೂ ಕೊರೆಯಲ್ಪಟ್ಟಿರುವದಿಲ್ಲ. ‘ಉಳಿಸು’ ಎಂದು ಅಪ್ಪಣೆ ಕೊಟ್ಟ ಮೇಲೆಯೂ ಅದು ನೆಟ್ಟಗೆ ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಹೋಗಿ ಕೂಡುವದಿಲ್ಲ. ನಡುವೆ ಅದಕ್ಕೆ ಎರಡು ಚಾವಡಿಗಳುಂಟು. ಮೊದಲನೆಯದು ಗಣಕಯಂತ್ರದ ಮುಖ್ಯ ಸ್ಮರಣೆಯಲ್ಲಿ ಕಾರ್ಯಾಚರಣೆಯ ವ್ಯವಸ್ಥೆಯು ಇಟ್ಟುಕೊಂಡಿರುವ ಜಾಗ. ಎರಡನೆಯದು ಹಾರ್ಡ್ ಡಿಸ್ಕಿನ ಒಡಲಲ್ಲಿಯೇ ಇರುವ ಇನ್ನೊಂದು ಚಿಕ್ಕ ಸ್ಮರಣೆ. ಈ ಎರಡಕ್ಕೂ ಕ್ಯಾಶ್ ಎಂದೇ ಹೆಸರು. ಕ್ಯಾಶ್ ಎಂದೊಡನೆ ನಮ್ಮವರು ರೊಕ್ಕವನ್ನು ನೆನೆಯುವರು. ಇದು ಆ ಶಬ್ದವಲ್ಲ. ಅಡಗಿಸಿಡು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಬೇರೆಯ ಶಬ್ದವಿದು. ಆದರೂ ಗಲ್ಲೆಯಲ್ಲಿರುವ ರೊಕ್ಕವು ಇನ್ನೂ ತಿಜೋರಿಯನ್ನು ಸೇರಿಲ್ಲವೆಂಬ ಅರ್ಥದಲ್ಲಿ ಆ ಭ್ರಾಂತಿಯೂ ಪೂರಾ ತಪ್ಪಲ್ಲ.

ಈ ಚಾವಡಿಗಳು ಯಾಕೆ ಬೇಕಾದವೆಂದರೆ, ಹಾರ್ಡ್ ಡಿಸ್ಕೆಂಬದು ಮೂಲತಃ ತಿರುಗುವ ಯಂತ್ರ. ೧೯೫೬ರಲ್ಲಿ ಐ. ಬಿ. ಎಮ್. ಸಂಸ್ಥೆಯವರು ಹೊರತಂದ ಮೊದಲಿನ ಡಿಸ್ಕಿನಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದು, ಅವೆಲ್ಲವೂ ಕೂಡಿ ಸುಮಾರು ೫೦ ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಈಗ ಅಂಗೈಯಗಲದ ಪೆಟ್ಟಿಗೆಯು ಅದರ ಲಕ್ಷಾಂತರ ಪಟ್ಟು ಹಿಡಿಯುವದು; ಆದರೂ ಮೂಲತತ್ವ ಅದೇ. ಸಾಧಾರಣವಾದ ಡಿಸ್ಕಿನ ತಟ್ಟೆಯು ಒಂದು ಮಿನಿಟಿಗೆ ೭,೨೦೦ ಸುತ್ತು ತಿರುಗುವದು. ಅಂದರೆ ಒಂದು ಸುತ್ತಿಗೆ ಸೆಕೆಂದಿನ ೧೨೦ನೆಯ ಒಂದು ಪಾಲು. ಬೇಕಾದ ಪಥಕ್ಕೆ ಬರೆಯುವ ಮುಳ್ಳು ಸರಿಯುವದಕ್ಕೆ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುವದು. ಇದು ನಮಗೆ ಕಣ್ಣೆವೆಯಿಕ್ಕುವದಕ್ಕಿಂತ ಕಡಿಮೆ. ಆದರೆ ಸೆಕೆಂದಿನ ಕೋಟಿಯಲ್ಲೊಂದು ಪಾಲಿನಲ್ಲಿ ಕೆಲಸ ಮಾಡುವ ಸ್ಮರಣೆಗೆ ಇದು ಯುಗವಿದ್ದಂತೆ. ಆದುದರಿಂದ ಡಿಸ್ಕು ಬಂದದ್ದನ್ನೆಲ್ಲ ಬಾಗಿಲಲ್ಲಿಯೇ ಇಸಿದುಕೊಂಡು, “ಆಯಿತು” ಎಂದು ಹೇಳಿ ಕಳಿಸಿ, ಆಮೇಲೆ ತನ್ನ ಅನುಕೂಲದಂತೆ ಬರೆಯುವದು. ಟಪಾಲಿನವನು ಕಾಗದಗಳನ್ನು ಬಂದ ಕ್ರಮದಲ್ಲಿ ಹಂಚದೆ ಓಣಿಯ ಕ್ರಮದಲ್ಲಿ ಜೋಡಿಸಿಕೊಂಡು ಹಂಚುವನಲ್ಲವೆ? ಇದೂ ಹಾಗೆಯೇ. ಮುಖ್ಯ ಸ್ಮರಣೆಯ ಚಾವಡಿಯಲ್ಲಿಯೂ ಇದೇ ರೀತಿ. ಲಿನಕ್ಸ್ ಎಂಬ ವ್ಯವಸ್ಥೆಯು ಬೇರೆ ಅಪ್ಪಣೆಯಿಲ್ಲದಿದ್ದರೆ ೫ ಸೆಕೆಂದಿಗೊಮ್ಮೆ ಎಚ್ಚತ್ತು, ಬಂದು ೩೦ ಸೆಕೆಂದು ಕಳೆದ ಬರಹವನ್ನು ಡಿಸ್ಕಿಗೆ ಸಾಗಿಸುವದು. ಇದು ಸೋಮಾರಿತನವಲ್ಲ, ಜಾಣತನ. ವಿದ್ಯುತ್ತು ಇರುವ ವರೆಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ.

ವಿದ್ಯುತ್ತು ಇರುವ ವರೆಗೆ ಎಂಬ ಮಾತಿನಲ್ಲಿಯೇ ತೊಡಕೆಲ್ಲವೂ ಇರುವದು. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯೊಳಗಿನ ಪಾಕವು ಎಷ್ಟು ಚೆನ್ನಾಗಿದ್ದರೂ, ಅಚ್ಚಿಗೆ ಬಿದ್ದು ಗಟ್ಟಿಯಾಗುವ ವರೆಗೆ ಅದು ಪೇಟೆಗೆ ಒಯ್ಯುವ ಬೆಲ್ಲವಲ್ಲ. ನಡುವೆ ಕೊಪ್ಪರಿಗೆ ಉರುಳಿದರೆ ನೆಲದ ಪಾಲು. ಕ್ಯಾಶಿನಲ್ಲಿರುವ ಅಕ್ಷರವು ಕೊಪ್ಪರಿಗೆಯ ಪಾಕ. ತಟ್ಟೆಯ ಮೇಲಿನ ಅಕ್ಷರವು ಅಚ್ಚಿನ ಬೆಲ್ಲ. ನಮ್ಮ ನೈಯಾಯಿಕರು ಇದನ್ನೇ ಬೇರೆ ರೀತಿಯಲ್ಲಿ ವಿಂಗಡಿಸಿದ್ದಾರೆ. ಅವರ ಮತದಲ್ಲಿ ಜ್ಞಾನವು ಹುಟ್ಟಿ, ನಿಂತು, ಅಳಿಯುವ ಕ್ಷಣಿಕವಾದ ಗುಣ. ಅದು ಬಿಟ್ಟುಹೋಗುವ ಸಂಸ್ಕಾರವಾದರೋ ಆತ್ಮದಲ್ಲಿ ಉಳಿದುಕೊಂಡು, ಕಾಲಾಂತರದಲ್ಲಿ ಸ್ಮೃತಿಯನ್ನು ಹುಟ್ಟಿಸುವದು. ಸಂಸ್ಕಾರವನ್ನು ಬಿಡದ ಜ್ಞಾನಕ್ಕೆ ಸ್ಮೃತಿಯಿಲ್ಲ. ಗಣಕಯಂತ್ರದ ಸ್ಮರಣೆಯೂ ಇಂಥ ಕ್ಷಣಿಕವಾದ ಪದಾರ್ಥವೇ. ಅದರ ಒಂದೊಂದು ಕೋಶದಲ್ಲಿರುವ ಅತ್ಯಲ್ಪವಾದ ವಿದ್ಯುತ್ತು ತಾನಾಗಿ ಸೋರಿಹೋಗುತ್ತಿರುವದರಿಂದ, ಯಂತ್ರವು ೬೪ ಮಿಲಿಸೆಕೆಂದಿನೊಳಗೆ, ಎಂದರೆ ಒಂದು ಸೆಕೆಂದಿನಲ್ಲಿ ಸುಮಾರು ಹದಿನಾರು ಸಲ, ಅದನ್ನು ಓದಿ ಮರಳಿ ತುಂಬಬೇಕು. ಈ ಆವೃತ್ತಿಯು ನಿಂತೊಡನೆ ಮರವೆ. ಪಾಠಶಾಲೆಯಲ್ಲಿ ನಮ್ಮಿಂದ ಆವೃತ್ತಿ ಮಾಡಿಸುತ್ತಿದ್ದ ಗುರುಗಳು ಇದನ್ನು ಕೇಳಿದ್ದರೆ ಬೆರಗಾಗುತ್ತಿರಲಿಲ್ಲ.

ಮಗ್ಗದ ಸೀಮೆಯವರಾದ ನಮಗೆ ಇನ್ನೊಂದು ಸಾಮ್ಯವು ಉಪಯುಕ್ತವಾದೀತು. ರಬಕವಿ-ಬನಹಟ್ಟಿಗಳಲ್ಲಿ ವಿದ್ಯುನ್ಮಗ್ಗಗಳು ನಡೆಯುತ್ತಿರುವಾಗ ಕರೆಂಟು ಹೋಯಿತೆಂದರೆ, ಲಾಳಿಯು ಹಾಸಿನ ನಡುವೆಯೇ ನಿಂತು ಹೊಕ್ಕಿನ ಒಂದೆಳೆ ಅರ್ಧಕ್ಕೆ ಉಳಿಯಬಹುದು. ನೇಕಾರನು ಗಾಬರಿಯಾಗುವದಿಲ್ಲ. ಕರೆಂಟು ಬಂದ ಮೇಲೆ ಕಣ್ಣಿಟ್ಟು ನೋಡಿ, ಅರ್ಧವಾದ ಎಳೆಯನ್ನು ಕೈಯಿಂದ ತೆಗೆದು, ಮತ್ತೆ ಮಗ್ಗವನ್ನು ನಡೆಯಿಸುವನು. ಅವನ ದೋಷವು ಕಣ್ಣಿಗೆ ಕಾಣುವಂಥದು, ಒಂದೇ ಎಳೆಯಷ್ಟರದು. ಡಿಸ್ಕಿನ ದೋಷವು ಹಾಗಲ್ಲ. ಬರಹವು ಅರ್ಧವಾಗಿರಬಹುದು, ಬರಹವಾಗಿ ಅದರ ಸೂಚಿಯು ಆಗಿರಲಿಕ್ಕಿಲ್ಲ, ಸೂಚಿಯಾಗಿ ಬರಹವು ಆಗಿರಲಿಕ್ಕಿಲ್ಲ. ವೈನಿಯವರ ಮಾತಿಗೆ ಆದದ್ದು ಈ ಕೊನೆಯ ಬಗೆಯದು. ಹೆಸರು, ಉದ್ದಗಳೆಂಬ ಸೂಚಿಯು ತಟ್ಟೆಯನ್ನು ಸೇರಿತ್ತು, ಅಕ್ಷರಗಳು ಚಾವಡಿಯಲ್ಲಿಯೇ ಉಳಿದಿದ್ದವು, ಅಷ್ಟರಲ್ಲಿ ದೀಪವಾರಿತು.

ಈ ತೊಡಕು ನಮ್ಮ ಕಡೆಯ ಅಂಗಡಿಯೊಂದರದು ಮಾತ್ರ ಎಂದು ತಿಳಿಯಬಾರದು. ವಿಂಡೋಜ್ ೯೫ರ ಕಾಲದ ಯಂತ್ರಗಳು ಎಷ್ಟೋ ವೇಳೆ ತಮ್ಮನ್ನು ತಾವು ಆರಿಸಿಕೊಳ್ಳುತ್ತಿರಲಿಲ್ಲ. ಕೆಲಸವೆಲ್ಲ ಮುಗಿದ ಮೇಲೆ, ಇನ್ನು ಆರಿಸಲು ಅಡ್ಡಿಯಿಲ್ಲವೆಂಬ ಸೂಚನೆಯು ಕಪ್ಪು ಪರದೆಯ ಮೇಲೆ ಮೂಡುತ್ತಿತ್ತು. ಅದನ್ನು ಓದಿದ ಮನುಷ್ಯನು ಕೈಚಾಚಿ ಗುಂಡಿಯನ್ನು ಒತ್ತುತ್ತಿದ್ದನು. ಆ ಓದುವ, ಕೈಚಾಚುವ ಒಂದೆರಡು ಸೆಕೆಂದುಗಳಲ್ಲಿ ಡಿಸ್ಕು ತನ್ನ ಒಡಲಲ್ಲಿದ್ದುದನ್ನೆಲ್ಲ ಬರೆದು ಮುಗಿಸುತ್ತಿತ್ತು. ಮನುಷ್ಯನ ಆಲಸ್ಯವೇ ಯಂತ್ರಕ್ಕೆ ಕಾವಲಾಗಿತ್ತೆನ್ನಬಹುದು. ಮುಂದೆ ಯಂತ್ರಗಳು ತಾವೇ ಆರಿಕೊಳ್ಳುವದನ್ನು ಕಲಿತವು. ಅವುಗಳ ವೇಗವೂ ಹೆಚ್ಚಿತು. ಡಿಸ್ಕಿನ ಒಡಲಿನ ಕ್ಯಾಶೂ ದೊಡ್ಡದಾಯಿತು. ಆಗ ೧೯೯೯ರ ವಿಂಡೋಜ್ ೯೮ ಎರಡನೆಯ ಆವೃತ್ತಿ, ೨೦೦೦ದ ವಿಂಡೋಜ್ ಎಮ್. ಈ. ಇವುಗಳನ್ನು ನಡೆಯಿಸುವ ವೇಗದ ಯಂತ್ರಗಳಲ್ಲಿ ಒಂದು ವಿಚಿತ್ರವಾದ ದೋಷವು ಕಂಡುಬಂದಿತು: ಡಿಸ್ಕು ತನ್ನ ಕ್ಯಾಶಿನಲ್ಲಿದ್ದುದನ್ನು ತಟ್ಟೆಗೆ ಬರೆಯುವ ಮೊದಲೇ ಯಂತ್ರವು ವಿದ್ಯುತ್ತನ್ನು ಕಡಿದುಬಿಡುತ್ತಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯವರು ಇದಕ್ಕೆ ಕೊಟ್ಟ ಚಿಕಿತ್ಸೆಯು ಏನೆಂದುಕೊಂಡಿರಿ? ಆರುವ ಮುನ್ನ ಎರಡು ಸೆಕೆಂದುಗಳ ವರೆಗೆ ಸುಮ್ಮನೆ ಕಾಯುವದು, ಅಷ್ಟೇ. ಜಗತ್ತಿನ ಅತಿ ಚತುರರಾದ ಯಂತ್ರಜ್ಞರು ಕೂಡಿ ಕಂಡುಹಿಡಿದ ಮದ್ದು ತಾಳ್ಮೆಯಾಗಿತ್ತೆಂಬದನ್ನು ಓದಿ ನಾನು ಆ ದಿನವೆಲ್ಲ ಸಂತೋಷಪಟ್ಟೆನು.

ಈಗಿನ ಕ್ರಮವು ಇದಕ್ಕಿಂತ ಹೆಚ್ಚು ಶಾಸ್ತ್ರೀಯವಾದದ್ದು. ಗೋಡೆಯ ಸ್ವಿಚ್ಚನ್ನು ಮುಟ್ಟದೆ, ಯಂತ್ರಕ್ಕೇ ಆರಿಕೊಳ್ಳೆಂದು ಅಪ್ಪಣೆ ಕೊಟ್ಟರೆ, ಅದು ಮೊದಲು ತೆರೆದಿರುವ ಕೆಲಸಗಳಿಗೆಲ್ಲ ಮುಗಿಸಿರೆಂದು ಹೇಳುವದು. ಆಮೇಲೆ ಮುಖ್ಯ ಸ್ಮರಣೆಯಲ್ಲಿ ಉಳಿದಿರುವ ಬರಹವನ್ನೆಲ್ಲ ಡಿಸ್ಕಿಗೆ ಸಾಗಿಸುವದು. ಆಮೇಲೆ ಡಿಸ್ಕಿಗೆ, “ನಿನ್ನ ಒಡಲಲ್ಲಿರುವದನ್ನು ತಟ್ಟೆಗೆ ಇಳಿಸು” ಎಂದು ಅಪ್ಪಣೆ ಕೊಡುವದು. ಇದಕ್ಕೆ ಫ್ಲಶ್ ಎನ್ನುವರು. ಇಳಿಸಿದೆನೆಂಬ ಉತ್ತರವು ಬರುವ ವರೆಗೆ ಕಾಯುವದು. ಉತ್ತರ ಬಂದ ಮೇಲೆ ಮುಳ್ಳನ್ನು ಅದರ ನೆಲೆಗೆ ಸರಿಸಿ ತಟ್ಟೆಯನ್ನು ನಿಲ್ಲಿಸೆನ್ನುವದು. ಎಲ್ಲಕ್ಕೂ ಕೊನೆಗೆ ವಿದ್ಯುತ್ತನ್ನು ಕಡಿಯುವದು. ನಾವು ಪರದೆಯನ್ನು ನೋಡುತ್ತ ಇದೇನು ಇಷ್ಟು ಹೊತ್ತೆಂದು ಬೇಸರಪಡುವ ಆ ಅರ್ಧ ಮಿನಿಟಿನಲ್ಲಿ ನಡೆಯುವ ಕೆಲಸವು ಇದು. ಆ ಹೊತ್ತಿನಲ್ಲಿ ಯಂತ್ರವು ನಮ್ಮನ್ನು ಕಾಯಿಸುತ್ತಿಲ್ಲ. ನಮ್ಮ ಸೊತ್ತನ್ನು ಕಾಯುತ್ತಿದೆ.

ಅಕಸ್ಮಾತ್ತಾಗಿ ವಿದ್ಯುತ್ತು ಹೋದರೆ ಡಿಸ್ಕು ಏನು ಮಾಡುವದೆಂಬದೂ ತಿಳಿಯತಕ್ಕ ಸಂಗತಿಯೇ. ಮುಳ್ಳು ತಟ್ಟೆಯಿಂದ ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುವದು. ತಟ್ಟೆ ನಿಂತು ಅದು ಮೇಲೆ ಕುಸಿದರೆ ಎರಡೂ ಕೆಡುವವು. ಆದಕಾರಣ, ಕರೆಂಟು ಹೋದರೂ ವೇಗದಿಂದ ತಿರುಗುತ್ತಿರುವ ತಟ್ಟೆಯ ಆ ಉಳಿದ ಓಟದಿಂದಲೇ ಚಿಟಿಕೆಯಷ್ಟು ವಿದ್ಯುತ್ತನ್ನು ಹುಟ್ಟಿಸಿಕೊಂಡು, ಡಿಸ್ಕು ತನ್ನ ಮುಳ್ಳನ್ನು ಸುರಕ್ಷಿತವಾದ ನೆಲೆಗೆ ಎಳೆದುಕೊಳ್ಳುವದು. ಆ ಯುಕ್ತಿಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಸಾಮಾನ್ಯ ಡಿಸ್ಕುಗಳಲ್ಲಿ ಆ ಚಿಟಿಕೆ ವಿದ್ಯುತ್ತು ಕ್ಯಾಶಿನಲ್ಲಿರುವ ಅಕ್ಷರಗಳನ್ನೆಲ್ಲ ಬರೆಯಲು ಸಾಲುವದಿಲ್ಲ. ಆಪತ್ಕಾಲದಲ್ಲಿ ಡಿಸ್ಕು ತನ್ನ ಜೀವವನ್ನು ಉಳಿಸಿಕೊಳ್ಳುವದು. ನಾವು ಒಪ್ಪಿಸಿದ ಒಡವೆಯನ್ನು ಉಳಿಸುವದೆಂಬ ನಂಬಿಕೆಯಿಲ್ಲ. ತಟ್ಟೆಯೇ ಇಲ್ಲದ ಹೊಸ ಬಗೆಯ ಎಸ್. ಎಸ್. ಡಿ.ಗಳಲ್ಲಿಯೂ ಇಂಥ ಚಾವಡಿಯು ಇರುವದುಂಟು. ದೊಡ್ಡ ಸಂಸ್ಥೆಗಳಿಗೆಂದು ಮಾಡಿದವುಗಳಲ್ಲಿ ಮಾತ್ರ ಕರೆಂಟು ಹೋದ ಮೇಲೂ ಕ್ಷಣಕಾಲ ಕೆಲಸ ನಡೆಯಿಸಲು ಸಾಕಾಗುವಷ್ಟು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರುಗಳನ್ನು ಇಟ್ಟಿರುವರು.

ಹಾಗಾದರೆ ಕರೆಂಟು ಹೋದಾಗಲೆಲ್ಲ ಎಲ್ಲವೂ ಯಾಕೆ ಹಾಳಾಗುವದಿಲ್ಲವೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವು ನಮ್ಮ ವ್ಯಾಪಾರಸ್ಥರಿಗೆ ಮೊದಲಿನಿಂದ ಗೊತ್ತಿದ್ದದ್ದೇ. ಅಂಗಡಿಯವನು ವ್ಯವಹಾರವಾದೊಡನೆ ಅದನ್ನು ಕೀರ್ದಿಯಲ್ಲಿ ಬರೆದು, ಬಿಡುವಾದಾಗ ಖತಾವಣಿಗೆ ಏರಿಸುವನು. ನಡುವೆ ಕೆಲಸ ನಿಂತರೂ ಕೀರ್ದಿಯನ್ನು ನೋಡಿ ಖತಾವಣಿಯನ್ನು ಸರಿಮಾಡಬಹುದು. ಈಗಿನ ಕಡತವ್ಯವಸ್ಥೆಗಳೂ ಹಾಗೆಯೇ ಮೊದಲು ಒಂದು ಕೀರ್ದಿಯಲ್ಲಿ, ಇಂಥಿಂಥ ಬದಲಾವಣೆಗಳನ್ನು ಮಾಡಲಿದ್ದೇನೆಂದು ಬರೆದುಕೊಂಡು, ಕೊನೆಯಲ್ಲಿ ಮುಗಿಯಿತೆಂಬ ಒಂದು ಮುದ್ರೆಯನ್ನು ಹಾಕುವವು. ಯಂತ್ರವು ಮರಳಿ ಎದ್ದಾಗ ಆ ಮುದ್ರೆಯಿದ್ದರೆ ಕೆಲಸವನ್ನು ಪೂರ್ತಿ ಮಾಡುವವು. ಮುದ್ರೆಯಿಲ್ಲದಿದ್ದರೆ ಆ ಬರಹವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವವು. ನಮ್ಮ ಕನ್ನಡ ಶಾಸನಗಳ ಕೊನೆಯಲ್ಲಿ ಅನೇಕ ಕಡೆ ‘ಮಂಗಳ ಮಹಾ ಶ್ರೀ’ ಎಂದಿರುವದನ್ನು ಬಲ್ಲವರು ಬಲ್ಲರು. ಆ ಮೂರು ಶಬ್ದಗಳನ್ನು ಕಂಡರೆ ಶಾಸನವು ಇಲ್ಲಿಗೆ ಪೂರ್ಣವೆಂದು ತಿಳಿಯುವೆವು. ಅದಕ್ಕೆ ಮೊದಲೇ ಕಲ್ಲು ಒಡೆದಿದ್ದರೆ ಮುಂದೆ ಏನಿತ್ತೋ ಎಂದು ಸಂಶಯಪಡುವೆವು. ಯಂತ್ರದ ಮುದ್ರೆಯೂ ಇಂಥದೊಂದು ‘ಮಂಗಳ ಮಹಾ ಶ್ರೀ’ ಎನ್ನಬಹುದು. ಆದರೆ ಒಂದು ಮಾತನ್ನು ಮರೆಯಬಾರದು. ಅನೇಕ ವ್ಯವಸ್ಥೆಗಳಲ್ಲಿ ಈ ಕೀರ್ದಿಯು ಕಡತದ ಹೆಸರು, ಉದ್ದ, ಸ್ಥಾನಗಳಿಗೆ ಸಂಬಂಧಪಟ್ಟದ್ದು. ಒಳಗಿನ ಬರಹವನ್ನು ಅದು ಕಾಯುವದಿಲ್ಲ. ಮನೆಯ ಗೋಡೆಯು ನಿಂತಿರುವದೆಂದು ಒಳಗಿನ ಜನರು ಕ್ಷೇಮವೆಂದು ಹೇಳಲಾಗದು.

ವ್ಯವಹಾರದಲ್ಲಿ ಇದರಿಂದ ಹುಟ್ಟುವ ನಿಯಮವು ಒಂದೇ: ಇಟ್ಟ ಮೇಲೆ ಪಾವತಿಯನ್ನು ಕೊಡಬೇಕು, ಇಸಿದುಕೊಂಡೊಡನೆ ಕೊಡಬಾರದು. ಬ್ಯಾಂಕಿನ ಲೆಕ್ಕವನ್ನೋ ಕಾಟಾದ ತೂಕವನ್ನೋ ಹಿಡಿಯುವ ಒಳ್ಳೆಯ ಕಾರ್ಯಕ್ರಮವು, ಬರಹವು ತಟ್ಟೆಯನ್ನು ಸೇರಿತೆಂಬ ಉತ್ತರವನ್ನು ಡಿಸ್ಕಿನಿಂದ ಪಡೆದ ಮೇಲೆಯೇ ಚೀಟಿಯನ್ನು ಮುದ್ರಿಸತಕ್ಕದ್ದು. ಹೀಗೆ ಕೇಳುವ ಉಪಾಯವು ಪ್ರತಿಯೊಂದು ವ್ಯವಸ್ಥೆಯಲ್ಲಿಯೂ ಉಂಟು. ಕೇಳಿದರೆ ಕೆಲಸವು ಸ್ವಲ್ಪ ನಿಧಾನವಾಗುವದೆಂದು ಕೇಳದೆ ಇರುವವರೂ ಉಂಟು. ರೈತನು ಕೈಯಲ್ಲಿ ಚೀಟಿಯನ್ನು ಹಿಡಿದು ಊರಿಗೆ ಹೋದ ಮೇಲೆ ಯಂತ್ರದಲ್ಲಿ ಆ ತೂಕವೇ ಇಲ್ಲವೆಂದಾದರೆ, ಆ ಚೀಟಿಗೆ ಬೆಲೆಯೇನು? ಆದುದರಿಂದ ಕಾಗದದ ಚೀಟಿಯನ್ನು ಜತನವಾಗಿಡುವ ನಮ್ಮ ಹಿರಿಯರ ಅಭ್ಯಾಸವನ್ನು ಹಳೆಯದೆಂದು ನಗುವದು ಸಲ್ಲದು.

ಇನ್ನು ಗೃಹಸ್ಥರು ಮಾಡತಕ್ಕದ್ದನ್ನು ಸಂಕ್ಷೇಪವಾಗಿ ಹೇಳುವೆನು. ಯಂತ್ರವನ್ನು ಅಪ್ಪಣೆಯಿಂದಲೇ ಆರಿಸಬೇಕು. ಪರದೆಯು ಕಪ್ಪಾದರೂ ಪೆಟ್ಟಿಗೆಯ ಮೇಲಿನ ದೀಪವು ಆರುವ ವರೆಗೆ ಗೋಡೆಯ ಸ್ವಿಚ್ಚನ್ನು ಮುಟ್ಟಬಾರದು. ಗುಂಡಿಯನ್ನು ನಾಲ್ಕೈದು ಸೆಕೆಂದು ಒತ್ತಿ ಹಿಡಿದರೆ ಯಂತ್ರವು ಏನನ್ನೂ ಮುಗಿಸದೆ ಆರುವದು. ಬೇರೆ ದಾರಿಯೇ ಇಲ್ಲದಾಗ ಮಾಡುವ ಕೆಲಸವದು, ನಿತ್ಯದ ವಿಧಿಯಲ್ಲ. ನಮ್ಮ ಕಡೆ ಕರೆಂಟಿನ ಬರುಹೋಗುಗಳಿಗೆ ಹೊತ್ತುಗೊತ್ತಿಲ್ಲವಾದುದರಿಂದ, ಮೇಜಿನ ಗಣಕಯಂತ್ರವುಳ್ಳವರು ಯು. ಪಿ. ಎಸ್. ಇಟ್ಟುಕೊಳ್ಳುವದು ಒಳ್ಳೆಯದು. ಅದು ಕೆಲಸ ಮುಂದುವರಿಸುವದಕ್ಕಲ್ಲ, ಮುಗಿಸಿ ಏಳುವದಕ್ಕೆ ಎಂಬದನ್ನು ನೆನಪಿನಲ್ಲಿಡಬೇಕು. ಅದರ ಬ್ಯಾಟರಿಯು ಕೆಲವು ವರ್ಷಗಳಲ್ಲಿ ಸವೆಯುವದರಿಂದ ಆಗಾಗ ಪರೀಕ್ಷಿಸಬೇಕು. ಪೆನ್ ಡ್ರೈವನ್ನು ಕೀಳುವ ಮೊದಲು ಅದನ್ನು ಬಿಡಿಸುವ ಅಪ್ಪಣೆಯನ್ನು ಕೊಡುವದು ಲೇಸು. ೨೦೧೮ರ ಕೊನೆಯಲ್ಲಿ ಬಂದ ವಿಂಡೋಜ್ ೧೦ರ ಆವೃತ್ತಿಯಿಂದ ಇಂಥವುಗಳಿಗೆ ಬರಹವನ್ನು ಚಾವಡಿಯಲ್ಲಿ ತಡೆದಿಡದ ಏರ್ಪಾಡೇ ಸಾಮಾನ್ಯವಾಗಿದೆಯಾದರೂ, ಬರೆಯುತ್ತಿರುವಾಗಲೇ ಕಿತ್ತರೆ ಯಾವ ಏರ್ಪಾಡೂ ಕಾಯಲಾರದು.

ಇಷ್ಟೆಲ್ಲ ಮಾಡಿದರೂ ಒಂದೇ ಪ್ರತಿಯನ್ನು ನಂಬಿಕೊಂಡಿರುವದು ವಿವೇಕವಲ್ಲ. ಸರಿಯಾಗಿ ಬರೆಯಲ್ಪಟ್ಟ ತಟ್ಟೆಯೂ ಒಂದು ದಿನ ಕೆಡುವದೇ. ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾದದ್ದಿಲ್ಲ. ನಮ್ಮ ಮುಧೋಳದವನೇ ಆದ ಕವಿಚಕ್ರವರ್ತಿ ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದ್ದು ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ. ಆ ತಾಯಿಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬದು ಪ್ರಸಿದ್ಧವಾದ ಸಂಗತಿ. ಗೆದ್ದಲು, ಬೆಂಕಿ, ನೀರುಗಳಿಗೆ ಒಂದು ಗರಿಯು ಆಹುತಿಯಾದರೂ ಉಳಿದ ಗರಿಗಳಲ್ಲಿ ಕಾವ್ಯವು ಬದುಕುವದೆಂಬದನ್ನು ಆಕೆಯು ಸಾವಿರ ವರ್ಷಗಳ ಹಿಂದೆಯೇ ಬಲ್ಲಳು. ನಮಗೆ ಸಾವಿರ ಬೇಡ; ಬೇರೆಬೇರೆ ಕಡೆಗಳಲ್ಲಿ ಎರಡು ಪ್ರತಿಗಳಿದ್ದರೆ ಸಾಕು. ಅವನ್ನು ಮಾಡುವದಕ್ಕೆ ಈಗ ಲಿಪಿಕಾರರೂ ಬೇಡ, ತಾಳೆಗರಿಯೂ ಬೇಡ, ಮನಸ್ಸೊಂದು ಬೇಕು.

ಹಾರ್ಡ್ ಡಿಸ್ಕು ಹೋದರೆ ಪೇಟೆಯಲ್ಲಿ ಇನ್ನೊಂದು ಸಿಕ್ಕುವದು. ಅದರೊಳಗಿನ ಮಾತು ಯಾವ ಪೇಟೆಯಲ್ಲಿಯೂ ಸಿಕ್ಕುವದಿಲ್ಲ. ನಮ್ಮ ಸೀಮೆಯ ಮಗ್ಗದವರು, ಗಾಣದವರು, ತೋಟಿಗರು ತಲೆಮಾರುಗಳಿಂದ ಆಡಿಕೊಂಡು ಬಂದ ಶಬ್ದಗಳು ಈಗ ಮುದುಕರ ನಾಲಗೆಯ ಮೇಲೆ ಮಾತ್ರ ಉಳಿದಿವೆ. ಆ ನಾಲಗೆಯೂ ಒಂದು ಕ್ಯಾಶೇ, ವಿದ್ಯುತ್ತು ಯಾವಾಗ ಹೋಗುವದೋ ಹೇಳಬಲ್ಲವರಿಲ್ಲ. ಅವರು ಹೇಳುವಾಗ ಕುಳಿತು ಕೇಳಬೇಕು, ಕೇಳಿದ್ದನ್ನು ಬರೆಯಬೇಕು, ಬರೆದದ್ದು ನಿಜವಾಗಿ ಕೂತಿತೋ ಇಲ್ಲವೋ ಎಂದು ಮರಳಿ ತೆರೆದು ನೋಡಬೇಕು, ಆಮೇಲೆ ಆರಿಸಬೇಕು. ಇದಕ್ಕೆ ಹಿಡಿಯುವದು ಬಹಳವೆಂದರೆ ಒಂದು ಮಿನಿಟು. ಸಂಘದ ತರುಣ ಸದಸ್ಯರಲ್ಲಿ ಕೆಲವರಾದರೂ ಈ ಕೆಲಸಕ್ಕೆ ಮನಸ್ಸು ಮಾಡಿದರೆ ಈ ಬರಹವು ಸಾರ್ಥಕವಾಯಿತೆಂದು ತಿಳಿಯುವೆನು. ಇತ್ಯಲಂ.